ಗರ್ಭಕೋಶದ ಗಡ್ಡೆ ಎಷ್ಟು ದೊಡ್ಡದು ಎಂದಲ್ಲ, ಎಲ್ಲಿದೆ ಎಂದು ಕೇಳಿ

ಮುಟ್ಟು ಹೇಗಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿಯೇ ತೀರಬೇಕೆಂದು ಹಟ ಹಿಡಿದ ವಿಜ್ಞಾನಿಯೊಬ್ಬ ಕೊನೆಗೆ ಅದನ್ನು ನೋಡಿದ್ದು ಕಣ್ಣಿನೊಳಗೇ. ಅಮೆರಿಕದ ಅಂಗರಚನಾ ತಜ್ಞ ಮಾರ್ಕಿ, ರೀಸಸ್ ಕೋತಿಯ ಗರ್ಭಕೋಶದ ಒಳಪದರದ ಚೂರುಗಳನ್ನು ತೆಗೆದು ಅದರ ಕಣ್ಣಿನ ಮುಂಭಾಗದಲ್ಲಿ, ಪಾರದರ್ಶಕ ಕಾರ್ನಿಯಾದ ಹಿಂದೆ ನಾಟಿ ಮಾಡಿದ. ಚೂರುಗಳು ಅಲ್ಲಿ ನೆಲೆಯೂರಿ ರಕ್ತನಾಳ ಬೆಳೆಸಿಕೊಂಡವು. ಕೋತಿ ಮುಟ್ಟಾದಾಗಲೆಲ್ಲ ಕಣ್ಣಿನೊಳಗಿನ ಚೂರುಗಳೂ ಮುಟ್ಟಾದವು. ಮಾರ್ಕಿ ಕಾರ್ನಿಯಾ ಎಂಬ ಕಿಟಕಿಯಿಂದ ಇಣುಕುತ್ತ ಕುಳಿತ. 1940ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದ.

ಕೋತಿಯ ಪಾಡು ನೆನೆದರೆ ಮೈ ಜುಮ್ಮೆನ್ನುತ್ತದೆ. ಆದರೆ ಅವನು ಕಂಡದ್ದನ್ನು ಮರೆಯುವ ಹಾಗಿಲ್ಲ. ರಕ್ತ ಹರಿಯುವುದಕ್ಕೆ ಮೊದಲೇ ಒಳಪದರದ ಸುರುಳಿ ಸುರುಳಿಯಾದ ಪುಟ್ಟ ಅಪಧಮನಿಗಳು ಹಿಂಡಿದಂತೆ ಬಿಗಿದುಕೊಂಡವು, ಪದರ ಬಿಳಿಚಿಕೊಂಡಿತು. ಗಂಟೆಗಳ ನಂತರ ಒಂದು ನಾಳ ಸಡಿಲವಾದಾಗ ಅಷ್ಟು ಜಾಗದಲ್ಲಿ ರಕ್ತ ಜಿನುಗಿತು, ಮತ್ತೆ ನಿಂತಿತು. ಆಮೇಲೆ ಇನ್ನೊಂದು ನಾಳ. ಅಂದರೆ ಗರ್ಭಕೋಶ ರಕ್ತ ಸುರಿಸುವುದಕ್ಕಿಂತ ಹೆಚ್ಚಾಗಿ ರಕ್ತ ತಡೆಯುವುದರಲ್ಲೇ ಮುಳುಗಿತ್ತು.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. "ಹೋಗಲಿ ಬಿಡಿ, ಕೆಟ್ಟ ರಕ್ತ ತಾನೇ ಹೋಗೋದು" ಎಂಬ ಮಾತನ್ನು ಈ ಕಾಲದಲ್ಲೂ, ಓದಿದವರ ಬಾಯಲ್ಲೂ ಕೇಳುತ್ತೇನೆ, ರೇಗುತ್ತದೆ. ಕೆಟ್ಟ ರಕ್ತ ಎಂಬುದು ಮೈಯಲ್ಲಿ ಎಲ್ಲೂ ಶೇಖರವಾಗಿರುವುದಿಲ್ಲ. ಮುಟ್ಟಿನಲ್ಲಿ ಹೋಗುವುದು ಮೂಗಿನಲ್ಲಿ, ಬೆರಳಿನಲ್ಲಿ ಹರಿಯುವ ಅದೇ ರಕ್ತ, ಅದರ ಜೊತೆಗೆ ಕಳಚಿದ ಪದರ, ಒಂದಿಷ್ಟು ದ್ರವ. ಮುಟ್ಟು ಅತಿಯಾದರೆ ಮೈ ಶುದ್ಧಿಯಾಗುತ್ತಿದೆ ಎಂದಲ್ಲ, ತಡೆ ಎಲ್ಲೋ ಕೈಕೊಟ್ಟಿದೆ ಎಂದರ್ಥ.

ತಡೆ ಎಂದೆನಲ್ಲ, ಅದು ಒಂದೇ ಅಲ್ಲ. ಕೆರೆಗೆ ಏರಿ, ತೂಬು, ಕೋಡಿ ಇರುವಂತೆ ಇಲ್ಲೂ ಹಲವು. ಮೊದಲನೆಯದು ಮಾರ್ಕಿ ಕಂಡ ಸುರುಳಿನಾಳಗಳ ಬಿಗಿತ. ಅದರ ಹಿಂದೆ ಗರ್ಭಕೋಶದ ಗೋಡೆಯ ಸ್ನಾಯು. ಅದರ ಎಳೆಗಳು ಅಡ್ಡಡ್ಡ ಹೆಣೆದುಕೊಂಡಿರುವುದರಿಂದ, ಸಂಕುಚಿಸಿದಾಗ ನಡುವೆ ಹಾದು ಬರುವ ನಾಳಗಳನ್ನು ದಾರ ಕಟ್ಟಿ ಎಳೆದಂತೆ ಅಮುಕುತ್ತವೆ. ಹೆರಿಗೆಯಾದ ಮೇಲೆ ತಾಯಿಯ ಜೀವ ಉಳಿಸುವುದೂ ಇದೇ ಬಿಗಿತ. ಆಮೇಲೆ ಪ್ಲೇಟ್‌ಲೆಟ್‌ಗಳು ತೂತಿಗೆ ಬೆಣೆ ಹೊಡೆಯುತ್ತವೆ, ಫೈಬ್ರಿನ್ ಎಂಬ ನಾರು ಅದರ ಮೇಲೆ ಬಲೆ ಹೆಣೆಯುತ್ತದೆ. ಕೊನೆಗೆ ಹೊಸ ಪದರ ಹಬ್ಬಿ ಗಾಯ ಮುಚ್ಚುತ್ತದೆ, ಕಲೆ ಉಳಿಯುವುದಿಲ್ಲ. ಮಂಡಿ ಒಮ್ಮೆ ತರಚಿದರೆ ವರ್ಷಗಟ್ಟಲೆ ಗುರುತು ಉಳಿಯುತ್ತದೆ. ಈ ಅಂಗವೋ ನಾನೂರು ಸಲ ಹರಿದು ನಾನೂರು ಸಲ ಹೊಸದಾಗುತ್ತದೆ.

ಇದರಲ್ಲೊಂದು ಕಿತಾಪತಿಯೂ ಇದೆ. ಬಲೆ ಹೆಣೆಯುವ ಜಾಗದಲ್ಲೇ ಬಲೆ ಕತ್ತರಿಸುವ ಪ್ಲಾಸ್ಮಿನ್ ಎಂಬ ಕಿಣ್ವವೂ ಕೆಲಸ ಮಾಡುತ್ತಿರುತ್ತದೆ. ಕತ್ತರಿಸದಿದ್ದರೆ ಕಳಚಿದ್ದೆಲ್ಲ ಒಳಗೇ ಗಟ್ಟಿಕಟ್ಟಿ ಕುಳಿತುಬಿಡುತ್ತದೆ. ಮುಟ್ಟಿನ ರಕ್ತ ಸಾಮಾನ್ಯವಾಗಿ ಹೆಪ್ಪುಗಟ್ಟದೆ ಇರುವುದು ಇದರಿಂದಲೇ. ಹರಿವು ಜೋರಾದಾಗ ಕತ್ತರಿಗೆ ಪುರಸೊತ್ತು ಸಿಗುವುದಿಲ್ಲ, ಆಗಲೇ ಗಟ್ಟಿ ಗಟ್ಟಿ ಹೋಗುವುದು. ನಾಣ್ಯದಗಲದ ಗಟ್ಟಿಗಳು ಹೋಗುತ್ತಿದ್ದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ಬದಲಿಸಬೇಕಾದರೆ, ಏಳು ದಿನ ದಾಟಿದರೆ, ಅದು ಅತಿಯೇ, ಅಳತೆಪಾತ್ರೆಯ ಅಗತ್ಯವೇ ಇಲ್ಲ. ಅಳೆದವರೂ ಇದ್ದಾರೆ. 1966ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಹೆಂಗಸರ ಬಳಸಿದ ಪ್ಯಾಡುಗಳನ್ನು ಸಂಗ್ರಹಿಸಿ, ರಕ್ತವನ್ನು ಅದರಿಂದ ಬೇರ್ಪಡಿಸಿ ಲೆಕ್ಕ ಹಾಕಿದರು. ಒಂದು ಮುಟ್ಟಿಗೆ 80 ಮಿಲಿಲೀಟರ್ ದಾಟಿದರೆ ಅತಿಸ್ರಾವ ಎಂಬ ಗೆರೆ ಅಲ್ಲಿಂದ ಬಂದದ್ದು. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಆ ಗೆರೆಯನ್ನು ಪಕ್ಕಕ್ಕಿಟ್ಟು, ಹೆಂಗಸಿನ ಬದುಕಿಗೆ ತೊಡಕಾಗುವಷ್ಟು ಹೋದರೆ ಅದು ಅತಿಯೇ ಎಂದಿತು. ನನಗೆ ಅದೇ ಸರಿ ಅನಿಸುತ್ತದೆ.

ಈಗ ಗಡ್ಡೆಗೆ ಬರೋಣ. ಕನ್ನಡದಲ್ಲಿ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್‌ಗೂ ಗಡ್ಡೆ, ಕ್ಯಾನ್ಸರ್‌ಗೂ ಗಡ್ಡೆ, ಮಣ್ಣೊಳಗೆ ಬೆಳೆಯುವುದಕ್ಕೂ ಗಡ್ಡೆ. ಈ ಒಂದು ಪದ ಮಾಡಿರುವ ಅನಾಹುತ ಅಷ್ಟಿಷ್ಟಲ್ಲ. ಗಡ್ಡೆ ಎಂದ ಕೂಡಲೇ ಬೇರು ಬಿಡುತ್ತದೆ, ಹಬ್ಬುತ್ತದೆ, ಕಿತ್ತು ಬಿಸಾಕದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಮನಸ್ಸು ಓಡುತ್ತದೆ. ಫೈಬ್ರಾಯ್ಡ್‌ಗೆ ಬೇರಿಲ್ಲ. ಕೊಯ್ದು ನೋಡಿದರೆ ಬಿಗಿಯಾಗಿ ಸುತ್ತಿದ ನೂಲುಂಡೆಯ ಹಾಗೆ ಬೆಳ್ಳಗೆ, ಸುಳಿ ಸುಳಿಯಾಗಿರುತ್ತದೆ. ಒಂದೊಂದು ಉಂಡೆಯೂ ಒಂದೇ ಒಂದು ಸ್ನಾಯುಕೋಶದ ಸಂತಾನ. ಹೆಚ್ಚಿನವುಗಳಲ್ಲಿ, ಸುಮಾರು ನೂರಕ್ಕೆ ಎಪ್ಪತ್ತರಲ್ಲಿ, ಎಂಇಡಿ12 ಎಂಬ ಒಂದೇ ವಂಶವಾಹಿ ಕೆಟ್ಟಿರುವುದನ್ನು ಫಿನ್‌ಲೆಂಡಿನ ಸಂಶೋಧಕರು 2011ರಲ್ಲಿ ತೋರಿಸಿದರು. ಐವತ್ತು ದಾಟುವ ಹೊತ್ತಿಗೆ ಹತ್ತರಲ್ಲಿ ಏಳೆಂಟು ಹೆಂಗಸರಲ್ಲಿ ಇವು ಇರುತ್ತವೆ ಎಂದು ಅಮೆರಿಕದ ಅಧ್ಯಯನವೊಂದು ಹೇಳಿತು. ಬಹಳಷ್ಟು ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಕ್ಯಾನ್ಸರಿನ ಜಾತಿಯ ಸಾರ್ಕೋಮಾ ಇಲ್ಲವೆಂದಲ್ಲ. ಗಡ್ಡೆಯೆಂದು ಶಸ್ತ್ರಚಿಕಿತ್ಸೆಗೆ ಬಂದ ಸುಮಾರು 350 ಮಂದಿಯಲ್ಲಿ ಒಬ್ಬರಿಗೆ ಅದಿರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಅಂದಾಜಿಸಿತು. ಅಷ್ಟೂ ಇಲ್ಲ, ಇನ್ನೂ ವಿರಳ ಎನ್ನುವವರಿದ್ದಾರೆ. ಋತುಬಂಧದ ನಂತರವೂ ಗಡ್ಡೆ ಬೆಳೆಯುತ್ತಿದ್ದರೆ ಅದು ಬೇರೆ ಮಾತು, ತಡಮಾಡಬಾರದು.

ನಮ್ಮಕ್ಕ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬಂದಾಗ ಅವಳಿಗೆ ನಲವತ್ಮೂರು. "ಏಳು ಸೆಂಟಿಮೀಟರ್ ಅಂತೆ. ಮಕ್ಕಳಾಗಿ ಆಯ್ತಲ್ಲ, ತೆಗೆಸಿಬಿಡು ಅಂತಾರೆ ಎಲ್ಲರೂ." ರಿಪೋರ್ಟ್ ಓದಿದೆ. ಏಳು ಸೆಂಟಿಮೀಟರಿನದು ಗರ್ಭಕೋಶದ ಹೊರಮೈಗೆ ಅಂಟಿಕೊಂಡಿತ್ತು. ಅದರ ಕೆಳಗಿನ ಸಾಲನ್ನು ಯಾರೂ ಓದಿರಲಿಲ್ಲ. ಎರಡು ಸೆಂಟಿಮೀಟರಿನ ಇನ್ನೊಂದು, ಒಳಪದರದ ಅಡಿಯಿಂದ ಒಳಗಿನ ಟೊಳ್ಳಿಗೆ ಉಬ್ಬಿಕೊಂಡಿತ್ತು. ನನ್ನ ಮಟ್ಟಿಗೆ ಇಡೀ ಕತೆ ಇಲ್ಲಿದೆ. ಹೊರಗಿನದು ಬಾಗಿಲಾಚೆಯ ಜಗಲಿಯ ಮೇಲೆ ಕುಳಿತವನಂತೆ. ದಢೂತಿಯಾದರೆ ದಾರಿಗೆ ಅಡ್ಡ, ಮೂತ್ರಕೋಶವನ್ನೋ ಕರುಳನ್ನೋ ಒತ್ತೀತು. ಒಳಗಿನದು ಬಾಗಿಲ ಸಂದಿಗೆ ಸಿಕ್ಕಿದ ಕಲ್ಲು. ಗೋಲಿಯಷ್ಟೇ ಇದ್ದರೂ ಬಾಗಿಲು ಮುಚ್ಚಲು ಬಿಡುವುದಿಲ್ಲ. ಪದರವನ್ನು ಹಿಗ್ಗಿಸಿ ರಕ್ತ ಜಿನುಗುವ ಜಾಗ ಹೆಚ್ಚಿಸುತ್ತದೆ, ಅಕ್ಕಪಕ್ಕದ ಸಿರೆಗಳನ್ನು ಒತ್ತಿ ಉಬ್ಬಿಸುತ್ತದೆ. ಅದಕ್ಕೂ ಕಪಟವಾದದ್ದು ಇನ್ನೊಂದಿದೆ: ಗಡ್ಡೆ ಸ್ರವಿಸುವ ಕೆಲವು ಪ್ರೋಟೀನುಗಳು ಪಕ್ಕದ ಪದರಕ್ಕೆ ಹರಡಿ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಏರ್ಪಾಡನ್ನೇ ಮಂದಗೊಳಿಸುತ್ತವೆ. ಕಲ್ಲು ಬಾಗಿಲಿಗೆ ಅಡ್ಡ ಬಿದ್ದದ್ದೂ ಅಲ್ಲದೆ ಕಾವಲುಗಾರನಿಗೂ ನಿದ್ದೆ ಬರಿಸಿದಂತೆ. ಇದೇ ಕಾರಣಕ್ಕೆ ತಜ್ಞರು ಗಡ್ಡೆಗಳಿಗೆ ಸ್ಥಾನ ನೋಡಿ 0ಯಿಂದ 8ರವರೆಗೆ ಅಂಕಿ ಕೊಡುತ್ತಾರೆ. 0, 1, 2 ಒಳಗಿನ ಟೊಳ್ಳಿಗೆ ಉಬ್ಬಿದವು. ನಿಮ್ಮದು ಎಷ್ಟನೆಯದು ಎಂದು ಕೇಳಿ. ಅಕ್ಕ ಕೇಳಿದಳು. ಯೋನಿಮಾರ್ಗವಾಗಿ ಹಿಸ್ಟರೋಸ್ಕೋಪ್ ಎಂಬ ತೆಳ್ಳನೆಯ ದರ್ಶಕ ಕೊಳವೆ ತೂರಿಸಿ ಚಿಕ್ಕದನ್ನು ಕೆತ್ತಿ ತೆಗೆದರು, ಸಂಜೆಗೆ ಮನೆಗೆ ಬಂದಳು. ದೊಡ್ಡದು ಈಗಲೂ ಅಲ್ಲೇ ಇದೆ, ತನ್ನ ಪಾಡಿಗೆ.

ಎಲ್ಲರಿಗೂ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಕೆಲವರಿಗೆ ಗಡ್ಡೆ ಬರೀ ನೆಪ, ಕಾರಣ ಬೇರೆಯೇ ಇರುತ್ತದೆ. ಥೈರಾಯ್ಡ್ ಇರಬಹುದು. ಹುಟ್ಟಿನಿಂದ ಬಂದ ರಕ್ತಸ್ರಾವದ ದೋಷವೂ ಇರಬಹುದು. 1926ರಲ್ಲಿ ಫಿನ್‌ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ ಇಂಥ ದೋಷವಿದ್ದ ಆಲಂಡ್ ದ್ವೀಪಗಳ ಕುಟುಂಬವೊಂದರ ಬಗ್ಗೆ ಬರೆದ. ಆ ಮನೆಯ ಹುಡುಗಿಯೊಬ್ಬಳು ಮುಂದೆ ಹದಿಮೂರರ ಪ್ರಾಯದಲ್ಲಿ, ತನ್ನ ನಾಲ್ಕನೆಯ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಮೈನೆರೆದಾಗಿನಿಂದಲೂ ಸ್ರಾವ ವಿಪರೀತವೇ ಇದ್ದರೆ, ಹಲ್ಲು ಕಿತ್ತಾಗ ರಕ್ತ ನಿಲ್ಲಲಿಲ್ಲವೆಂದರೆ, ಅದನ್ನು ವೈದ್ಯರಿಗೆ ಹೇಳಲೇಬೇಕು. ನಲವತ್ತೈದು ದಾಟಿದವರಿಗೆ ಒಳಪದರದ ಚೂರು ತೆಗೆದು ಪರೀಕ್ಷಿಸುವುದೂ ವಾಡಿಕೆ.

ಔಷಧಿಗಳಲ್ಲಿ ನನಗೆ ಅಚ್ಚುಮೆಚ್ಚಿನದು ಟ್ರಾನೆಕ್ಸಮಿಕ್ ಆಮ್ಲ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಆಕೆಯ ಗಂಡ ಶೋಸುಕೆ 1962ರಲ್ಲಿ ಇದನ್ನು ಕಂಡುಹಿಡಿದರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಅವರ ಆಸೆ. ಉಟಾಕೊ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಮೇಲೆ ಹೇಳಿದ ಕತ್ತರಿ ನೆನಪಿದೆಯೇ? ಅದು ಗಾಳಿಯಲ್ಲಿ ಕತ್ತರಿಸಲಾರದು, ಫೈಬ್ರಿನ್ ಬಲೆಯ ಮೇಲಿನ ಲೈಸಿನ್ ಎಂಬ ಗುಬಟುಗಳಿಗೆ ತನ್ನ ಕೊಕ್ಕೆ ಸಿಕ್ಕಿಸಿಕೊಂಡೇ ಕೆಲಸ ಶುರುಮಾಡಬೇಕು. ಟ್ರಾನೆಕ್ಸಮಿಕ್ ಆಮ್ಲ ಲೈಸಿನ್ನಿನ ವೇಷ ಹಾಕಿ ಬಂದು ಆ ಕೊಕ್ಕೆಗಳಲ್ಲಿ ತಾನೇ ಕೂತುಬಿಡುತ್ತದೆ. ಗುಂಡಿಯ ಕಾಜಕ್ಕೆ ಮೊದಲೇ ಬೇರೆ ಗುಂಡಿ ತೂರಿಸಿಟ್ಟರೆ ಅಂಗಿ ಹಾಕಲಾಗದಲ್ಲ, ಹಾಗೆ. ಬಲೆ ಉಳಿಯುತ್ತದೆ, ಸ್ರಾವ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಹಾರ್ಮೋನ್ ಅಲ್ಲ, ಮುಟ್ಟಿನ ದಿನಗಳಲ್ಲಷ್ಟೇ ನುಂಗಿದರೆ ಸಾಕು. ಮೊದಲೇ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು ಮಾತ್ರ ತೆಗೆದುಕೊಳ್ಳಬಾರದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಒಸರುವ ವಂಕಿ ಒಳಪದರವನ್ನೇ ತೆಳ್ಳಗೆ ಮಾಡಿ ಸ್ರಾವವನ್ನು ಅತ್ಯಂತ ಚೆನ್ನಾಗಿ ತಗ್ಗಿಸುತ್ತದೆ. ಆದರೆ ಟೊಳ್ಳಿನ ಆಕಾರ ಕೆಟ್ಟಿದ್ದರೆ ಜಾರಿ ಬೀಳಬಹುದು. ಅಂಡಾಶಯಕ್ಕೆ ಬರುವ ಮೆದುಳಿನ ಸಂದೇಶ ತಡೆಯುವ ಔಷಧಿಗಳು ಗಡ್ಡೆಯನ್ನು ಕುಗ್ಗಿಸುತ್ತವೆ. ನಿಲ್ಲಿಸಿದರೆ ಅದು ಮತ್ತೆ ಬೆಳೆಯುತ್ತದೆ, ಮುಂದುವರಿಸಿದರೆ ಮೂಳೆ ಸವೆಯುತ್ತದೆ. ಗಡ್ಡೆಯನ್ನಷ್ಟೇ ಕೊಯ್ದು ತೆಗೆದು ಗರ್ಭಕೋಶ ಉಳಿಸುವುದೂ ಉಂಟು. ಲಂಡನ್ನಿನ ವಿಕ್ಟರ್ ಬಾನಿ ಎಂಬ ಶಸ್ತ್ರವೈದ್ಯ ಒಂದೇ ಗರ್ಭಕೋಶದಿಂದ 225 ಗಡ್ಡೆ ಕಿತ್ತಿದ್ದನಂತೆ, ಅಷ್ಟು ಛಲ! ಇನ್ನು ಪ್ಯಾರಿಸ್ಸಿನ ವೈದ್ಯ ರವಿನಾ, ಆಪರೇಷನ್ನಿಗೆ ಮುಂಚೆ ರಕ್ತ ಕಡಿಮೆ ಹೋಗಲೆಂದು ಗಡ್ಡೆಗೆ ಹೋಗುವ ಅಪಧಮನಿಯನ್ನು ಸಣ್ಣ ಕಣಗಳಿಂದ ಮುಚ್ಚಿಸುತ್ತಿದ್ದ. ಹಲವರಿಗೆ ಅಷ್ಟರಲ್ಲೇ ಗುಣವಾಗಿ ಆಪರೇಷನ್ ಬೇಡವಾಯಿತು. 1995ರಲ್ಲಿ ಅದೇ ಒಂದು ಚಿಕಿತ್ಸೆಯಾಯಿತು. ಹೀಗೆ ಮಾಡಿಸಿಕೊಂಡವರಲ್ಲಿ ಹತ್ತು ವರ್ಷಗಳೊಳಗೆ ಸುಮಾರು ಮೂರರಲ್ಲಿ ಒಬ್ಬರು ಹೇಗೂ ಗರ್ಭಕೋಶ ತೆಗೆಸಬೇಕಾಯಿತು ಎಂದು ನೆದರ್‌ಲೆಂಡ್ಸ್‌ನ ಅಧ್ಯಯನ ತೋರಿಸಿತು. ಇದನ್ನು ಸೋಲೆಂದು ಓದುವವರಿದ್ದಾರೆ, ಮೂರರಲ್ಲಿ ಇಬ್ಬರು ಪಾರಾದರು ಎಂದು ಓದುವವರೂ ಇದ್ದಾರೆ.

ಹಾಗಂತ ಗರ್ಭಕೋಶ ತೆಗೆಯುವುದೆಂದರೆ ಸೋಲು, ಮೋಸ ಎಂದು ಕಿರುಚುವ ಇನ್ನೊಂದು ಗುಂಪನ್ನೂ ನಾನು ಒಪ್ಪುವುದಿಲ್ಲ. ಮುಟ್ಟಿನ ಕಾಟ ಇನ್ನೆಂದೂ ಮರಳುವುದಿಲ್ಲ ಎಂದು ಖಾತ್ರಿ ಕೊಡುವ ಚಿಕಿತ್ಸೆ ಅದೊಂದೇ. ತೆಗೆಸಿಕೊಂಡವರಲ್ಲಿ ಬಹುಪಾಲು ಜನ ನೆಮ್ಮದಿಯಿಂದಿದ್ದಾರೆ. ಅದರ ಬೆಲೆ ಏನೆಂದು ತಿಳಿದಿರಬೇಕು, ಅಷ್ಟೇ. ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳ ಗರ್ಭಕೋಶದ ಅಪಧಮನಿಯ ಅಡಿಯಲ್ಲಿ, ಸೇತುವೆಯ ಕೆಳಗಿನ ಹಳ್ಳದಂತೆ, ಗರ್ಭಕೋಶದ ಕೊರಳಿನಿಂದ ಎರಡು ಸೆಂಟಿಮೀಟರಿನೊಳಗೇ ಹಾದುಹೋಗುತ್ತದೆ. ಸೇತುವೆ ಕಡಿಯುವಾಗ ಹಳ್ಳಕ್ಕೆ ಏಟು ಬೀಳದಂತೆ ನೋಡಿಕೊಳ್ಳುವುದೇ ಶಸ್ತ್ರವೈದ್ಯರ ಕೈಚಳಕ. ಅಂಡಾಶಯ ಉಳಿಸಿದರೆ ಹಾರ್ಮೋನ್ ಮುಂದುವರಿಯುತ್ತದೆ, ಮರುದಿನವೇ ಋತುಬಂಧ ಬರುವುದಿಲ್ಲ. ಆದರೆ ಅದಕ್ಕೆ ರಕ್ತ ಕೊಡುವ ಕವಲೊಂದು ಗರ್ಭಕೋಶದ ನಾಳದಿಂದಲೂ ಬರುವುದರಿಂದಲೋ ಏನೋ, ಕೆಲವರಿಗೆ ಋತುಬಂಧ ತುಸು ಬೇಗ ಬರುತ್ತದೆ. "ಹೇಗೂ ಹೊಟ್ಟೆ ತೆರೆದಿದ್ದೀವಿ, ಅಂಡಾಶಯವನ್ನೂ ತೆಗೆದುಬಿಡೋಣ" ಎಂಬ ಮಾತು ಬಂದರೆ ಮಾತ್ರ ತಡೆದು ಕೇಳಿ, ಯಾಕೆ ಎಂದು. ಋತುಬಂಧಕ್ಕೆ ಮೊದಲೇ ಅಂಡಾಶಯ ಕಳೆದುಕೊಂಡವರಲ್ಲಿ ಹೃದಯದ ಕಾಯಿಲೆ, ಮೂಳೆ ಸವೆತ ಹೆಚ್ಚು.

ಮೂವತ್ತೈದರವಳಿಗೂ ನಲವತ್ತೊಂಬತ್ತರವಳಿಗೂ ಒಂದೇ ರಿಪೋರ್ಟ್ ಇದ್ದರೂ ಉತ್ತರ ಒಂದೇ ಆಗಬೇಕಿಲ್ಲ. ಋತುಬಂಧ ಸಾಮಾನ್ಯವಾಗಿ 45ರಿಂದ 55ರ ನಡುವೆ ಬರುತ್ತದೆ, ಬಂದ ಮೇಲೆ ಗಡ್ಡೆಗಳು ತಾವೇ ಬಾಡುತ್ತವೆ. ದಡ ಹತ್ತಿರವಿದ್ದರೆ ಮಾತ್ರೆಯಲ್ಲೋ ವಂಕಿಯಲ್ಲೋ ಈಜಿಬಿಡಬಹುದು. ಹದಿನೈದು ವರ್ಷ ಈಜಬೇಕೆಂದರೆ ಲೆಕ್ಕ ಬೇರೆ. ಯಾವುದಕ್ಕೂ ಮೊದಲು ಕಬ್ಬಿಣದ ಕೊರತೆ ತುಂಬಿಕೊಳ್ಳಬೇಕು. ಒಂದು ಮಿಲಿಲೀಟರ್ ರಕ್ತದಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣ. ಕರುಳು ದಿನಕ್ಕೆ ಹೀರುವುದು ಒಂದೆರಡು ಮಿಲಿಗ್ರಾಂ. ತಿಂಗಳಿಗೆ ಇನ್ನೂರು ಮಿಲಿಲೀಟರ್ ಹೋಗುವವಳ ಜಮಾಖರ್ಚು ಎಂದಿಗಾದರೂ ಸರಿಹೋಗುವುದುಂಟೇ?

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರದು ಇದೇ ಕತೆ. ಮಾತ್ರೆ ಆಯಿತು, ವಂಕಿ ಎರಡು ಸಲ ಬಿದ್ದುಹೋಯಿತು, ಗಡ್ಡೆಗಳು ಎಣಿಸಲಾರದಷ್ಟಿದ್ದವು. ಮೂರು ವರ್ಷ ಯೋಚಿಸಿ ಗರ್ಭಕೋಶ ತೆಗೆಸಿದರು, ಅಂಡಾಶಯ ಉಳಿಸಿಕೊಂಡರು. ಸಾಮಾನ್ಯವಾಗಿ ಅರವತ್ತು ಎಪ್ಪತ್ತು ಗ್ರಾಂ ತೂಗುವ ಅಂಗ, ಅವರದು ಒಂಬೈನೂರು ತೂಗಿತಂತೆ. ಅವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ದಿನವಿಡೀ ಐಸ್ ತುಂಡುಗಳನ್ನು ಕಟಕಟ ಕಡಿಯುತ್ತಿದ್ದರು. ಕಬ್ಬಿಣ ತಳ ಮುಟ್ಟಿದವರಲ್ಲಿ ಹೀಗೆ ಐಸ್ ತಿನ್ನುವ ಚಪಲ ಹುಟ್ಟುತ್ತದೆಂದು ಆಗ ಯಾರೂ ಅವರಿಗೆ ಹೇಳಿರಲಿಲ್ಲ. ಆಪರೇಷನ್ನಿಗೆ ಮುಂಚೆ ಕಬ್ಬಿಣದ ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಒಂದು ದಿನ ಫ್ರಿಜ್ ತೆರೆದು ನೋಡಿದರೆ, ವಾರದ ಹಿಂದೆ ಇಟ್ಟ ಐಸ್ ಟ್ರೇ ಇಟ್ಟ ಹಾಗೆಯೇ ಇತ್ತಂತೆ.