ಚೆಂಡೆಗೆ ಬೆನ್ನು ಕೊಟ್ಟ ಮೈಕು

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮೇ ಕೊನೆಯ ಪತ್ತನಾಜೆಯವರೆಗೂ ಉಡುಪಿ, ಮಂಗಳೂರು ಕಡೆ ಚೆಂಡೆ ಕೇಳದ ರಾತ್ರಿ ಕಡಿಮೆ. ಆಟವನ್ನು ರೆಕಾರ್ಡ್ ಮಾಡುವವರೂ ಈಗ ಬಹಳ. ಆದರೆ ಮನೆಗೆ ಬಂದು ಕೇಳಿದರೆ ಹೆಚ್ಚಿನವು ಒಂದೇ ತರ: ಚೆಂಡೆ ಕಿವಿಗೆ ಬಡಿಯುತ್ತದೆ, ಭಾಗವತರ ಸಾಹಿತ್ಯ ಅದರಡಿ ಮುಚ್ಚಿಹೋಗಿರುತ್ತದೆ, ಮದ್ದಳೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ರಂಗಸ್ಥಳದ ಎದುರು ಕುಳಿತಿದ್ದಾಗ ಹೀಗೆ ಅನಿಸಿರುವುದಿಲ್ಲ. ಎರಡು ಕಿವಿಗಳ ನೆರವಿನಿಂದ ಮಿದುಳು ಒಂದೊಂದು ಸದ್ದನ್ನೂ ಅದು ಬಂದ ದಿಕ್ಕು ನೋಡಿ ಬೇರ್ಪಡಿಸಿ, ಬೇಕಾದುದರತ್ತ ಗಮನ ಕೊಡುತ್ತದೆ. ಮೈಕಿಗೆ ಆ ಶಕ್ತಿಯಿಲ್ಲ. ತನ್ನ ತೆಳು ಪೊರೆಗೆ ತಾಗಿದ ಗಾಳಿಯ ಒತ್ತಡವನ್ನೆಲ್ಲ ಅದು ಒಂದೇ ಎಳೆಯಾಗಿ ಹೆಣೆದುಬಿಡುತ್ತದೆ. ಆಮೇಲೆ ಬಿಚ್ಚುವುದು ಬಲು ಕಷ್ಟ. ಹಾಗಾಗಿ ಯಕ್ಷಗಾನದ ಮಿಕ್ಸಿಂಗ್ ಮೈಕ್ ಸ್ಟ್ಯಾಂಡ್ ಊರುವಾಗಲೇ ಶುರುವಾಗುತ್ತದೆ.

ಹಿಮ್ಮೇಳದಲ್ಲಿ ಎಲ್ಲಕ್ಕಿಂತ ಜೋರಿನ ವಾದ್ಯ ಚೆಂಡೆ. ಅದು ಭಾಗವತರಿಂದ ಒಂದೂವರೆ ಮೀಟರಿನಷ್ಟೇ ದೂರದಲ್ಲಿರುತ್ತದೆ. ಚೆಂಡೆಯ ಮೈಕನ್ನು ಪೂರ್ತಿ ತಗ್ಗಿಸಿದರೂ ಭಾಗವತರ ಮೈಕಿನೊಳಗೇ ಚೆಂಡೆ ತುಂಬಿರುತ್ತದೆ. ಇದಕ್ಕೆ ಮೊದಲ ಮದ್ದು ದೂರ. ಬಯಲಿನಲ್ಲಿ ಸದ್ದಿನ ಮೂಲಕ್ಕೂ ಮೈಕಿಗೂ ಇರುವ ಅಂತರ ಅರ್ಧಕ್ಕಿಳಿದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಬಾಯಿಂದ 20 ಸೆಂಟಿಮೀಟರಿನಲ್ಲಿದ್ದ ಮೈಕನ್ನು 10ಕ್ಕೆ ತಂದರೆ ಕಂಠ 6 ಡೆಸಿಬೆಲ್ ಹೆಚ್ಚುತ್ತದೆ, ಚೆಂಡೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗೆಂದು 5 ಸೆಂಟಿಮೀಟರಿಗೆ ತರಬಾರದು. ಅಷ್ಟು ಹತ್ತಿರದಲ್ಲಿ ಭಾಗವತರು ತಲೆಯನ್ನು ಇನ್ನೊಂದು 5 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೂ ದನಿ ಒಮ್ಮೆಲೇ 6 ಡೆಸಿಬೆಲ್ ಕುಸಿಯುತ್ತದೆ. ದಿಕ್ಕು ನೋಡಿ ಕೇಳುವ ಹೆಚ್ಚಿನ ಮೈಕುಗಳು ತೀರ ಹತ್ತಿರದಲ್ಲಿ ತಗ್ಗಿನ ಸ್ವರಗಳನ್ನು ಅತಿಯಾಗಿ ಉಬ್ಬಿಸುವುದರಿಂದ ಅಕ್ಷರಗಳೂ ಮಂದವಾಗುತ್ತವೆ. 8ರಿಂದ 10 ಸೆಂಟಿಮೀಟರ್ ಒಳ್ಳೆಯ ನಡುದಾರಿ. ಭಾಗವತರು ಪದ್ಯದುದ್ದಕ್ಕೂ ವೇಷಧಾರಿಯನ್ನೇ ನೋಡುತ್ತ ಹಾಡುವವರು. ಹೆಚ್ಚಾಗಿ ಯಾವ ಕಡೆಗೆ ಮುಖ ತಿರುಗಿಸುತ್ತಾರೋ ಸ್ಟ್ಯಾಂಡ್ ಆ ಕಡೆಗೇ ಇರಲಿ.

ಎರಡನೆಯ ಮದ್ದು ದಿಕ್ಕು. ವಿವರವಾಗಿ ತಿಳಿಯಬೇಕಾದದ್ದು ಇದನ್ನೇ. ಪ್ರತಿ ದಿಕ್ಕು-ಮೈಕಿಗೂ ಒಂದು ಕಿವುಡು ಮೂಲೆ ಇರುತ್ತದೆ. 1966ರಿಂದ ಮಾರುಕಟ್ಟೆಯಲ್ಲಿರುವ ಶೂರ್ ಎಸ್‌ಎಂ58ನಂತಹ ಕಾರ್ಡಿಯಾಯ್ಡ್ ಮೈಕಿಗೆ ಆ ಮೂಲೆ ನೇರ ಹಿಂದೆ, 180 ಡಿಗ್ರಿಯಲ್ಲಿ. ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ಅದು ಓರೆಯಾಗಿ ಹಿಂದೆ, ಎರಡೂ ಬದಿಗಳಲ್ಲಿ ಸುಮಾರು 126 ಡಿಗ್ರಿಯಲ್ಲಿ. ನೇರ ಹಿಂದಿನಿಂದ ಬಂದದ್ದು ಅದಕ್ಕೆ ಸುಮಾರು 12 ಡೆಸಿಬೆಲ್ ತಗ್ಗಿದ್ದರೂ ಕೇಳಿಸುತ್ತದೆ. ಹಾಗಾದರೆ ಯಾವುದನ್ನು ಆರಿಸಬೇಕು? ಬೇಡದ ಸದ್ದು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಚೆಂಡೆ ಭಾಗವತರ ಮಗ್ಗುಲಲ್ಲಿದ್ದರೆ ಸೂಪರ್‌ಕಾರ್ಡಿಯಾಯ್ಡ್ ಲೇಸು, ಮೈಕನ್ನು ತುಸು ತಿರುಗಿಸಿದರೆ ಆ 126 ಡಿಗ್ರಿಯ ಮೂಲೆ ಚೆಂಡೆಗೆ ಸರಿಯಾಗಿ ಸಿಗುತ್ತದೆ. ಭಾಗವತರ ಕೈಯ ಜಾಗಟೆಯೋ ತಾಳವೋ ಹೆಚ್ಚು ಕಾಡುತ್ತಿದ್ದರೆ ಕಾರ್ಡಿಯಾಯ್ಡನ್ನೇ ಎದೆಯ ಮಟ್ಟದಿಂದ ಬಾಯಿಗೆ ಮೇಲ್ಮುಖವಾಗಿ ನಿಲ್ಲಿಸಬೇಕು. ಆಗ ತೊಡೆಯ ಬಳಿ ನುಡಿಯುವ ಜಾಗಟೆ ಮೈಕಿನ ಬೆನ್ನ ಹಿಂದೆ ಉಳಿಯುತ್ತದೆ. ಮೇಲಿನಿಂದ ಕೆಳಗೆ ಬಾಗಿಸಿದ ಮೈಕು ಬಾಯಿಯ ಜೊತೆಗೆ ಜಾಗಟೆಯನ್ನೂ ನೇರ ನೋಡುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವ ತಪ್ಪೂ ಇದೇ.

ಕಿವುಡು ಮೂಲೆಯನ್ನು ಲೆಕ್ಕ ಹಾಕಿ ಹುಡುಕುವುದಕ್ಕಿಂತ ಕಿವಿಯಿಂದ ಹುಡುಕುವುದು ಸುಲಭ. ಆಟ ಶುರುವಾಗುವ ಮೊದಲು ಚೆಂಡೆಯವರ ಹತ್ತಿರ ಒಂದೇ ಬಲದ ಪೆಟ್ಟನ್ನು ನಿಧಾನವಾಗಿ, ಎರಡು ನಿಮಿಷ ಹೊಡೆಯಲು ಕೇಳಿಕೊಳ್ಳಿ. ಹೆಡ್‌ಫೋನ್ ಹಾಕಿ, ಭಾಗವತರ ಮೈಕನ್ನು ಮಾತ್ರ ತೆರೆದು, ಅದರ ತುದಿ ಬಾಯಿಯ ಜಾಗದಲ್ಲೇ ಇರುವಂತೆ ಹಿಂಭಾಗವನ್ನು ಬೆರಳಗಲದಷ್ಟೇ ಆಚೀಚೆ ಮಾಡುತ್ತ ಹೋಗಿ. ಒಂದು ಕಡೆ ಚೆಂಡೆ ಸರಕ್ಕನೆ ತೆಳುವಾಗುತ್ತದೆ, ಕೋಲಿನ ಮೊನೆ ಹೋಗಿ ದೂರದ ಗದ್ದೆಯ ಚೆಂಡೆಯಂತೆ ಕೇಳುತ್ತದೆ. ಅಲ್ಲಿಗೇ ತಿರುಪು ಬಿಗಿ ಮಾಡಿ. ತಗಡಿನ ಚಪ್ಪರದಡಿ ಅಥವಾ ಗೋಡೆ ಹತ್ತಿರವಿರುವ ಸಭಾಭವನದಲ್ಲಿ ಸದ್ದು ಎಲ್ಲ ಕಡೆಯಿಂದ ಪುಟಿದು ಬರುವುದರಿಂದ ಈ ಲಾಭ ಬಯಲಿನಷ್ಟು ಸಿಗುವುದಿಲ್ಲ. ಅಲ್ಲಿ ಹಿಮ್ಮೇಳದ ಹಿಂದೆ ದಪ್ಪ ಜಮಖಾನ ಇಳಿಬಿಟ್ಟರೆ ನೆರವಾಗುತ್ತದೆ.

ಮದ್ದಳೆಯ ಬಲ ಮುಚ್ಚಿಗೆಯ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಬರೀ ಅಲಂಕಾರವಲ್ಲ. ನಡುವೆ ಭಾರವಿರುವ ಮುಚ್ಚಿಗೆಯ ಮೇಲ್ಸ್ವರಗಳು ತಂತಿವಾದ್ಯದ ಹಾಗೆ ಕ್ರಮಬದ್ಧವಾಗುತ್ತವೆ ಎಂದು ಮೃದಂಗದಂತಹ ವಾದ್ಯಗಳ ಬಗ್ಗೆ ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದರು. ಮದ್ದಳೆ ಶ್ರುತಿಗೆ ಕೂಡುವುದೂ ಅದರಿಂದಲೇ. ಆ ನಾದ ಅರಳಲು ಸ್ವಲ್ಪ ಜಾಗ ಬೇಕು. ಮೈಕನ್ನು ಮುಚ್ಚಿಗೆಗೆ ಅಂಟಿಸಿದಂತೆ ಇಟ್ಟರೆ ಬೆರಳಿನ ಟಪಟಪ ಮಾತ್ರ ಸಿಗುತ್ತದೆ. ಬಲಕ್ಕೆ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಅಂಚಿನತ್ತ ಓರೆಯಾಗಿ ಸೂಕ್ಷ್ಮ ಸದ್ದನ್ನೂ ಹಿಡಿಯುವ ಒಂದು ಸಣ್ಣ ಕಂಡೆನ್ಸರ್ ಮೈಕು. ಎಡಕ್ಕೆ ಅಷ್ಟೇ ದೂರದಲ್ಲಿ ಜೋರು ಸದ್ದನ್ನು ತಾಳುವ ಒಂದು ಡೈನಮಿಕ್ ಮೈಕು. ಎರಡೂ ಮೈಕುಗಳು ಎದುರುಬದುರಾಗಿರುವುದರಿಂದ ಒಂದು ಮುಚ್ಚಿಗೆ ಒಳಸರಿದಾಗ ಇನ್ನೊಂದು ಹೊರಗುಬ್ಬಿ, ಕೂಡಿಸಿದಾಗ ತಗ್ಗಿನ ನಾದ ಪರಸ್ಪರ ಅಳಿದುಹೋಗಬಹುದು. ಎಡ ಚಾನೆಲ್ಲಿನಲ್ಲಿ ಅಲೆಯನ್ನು ತಿರುವುಮುರುವಾಗಿಸುವ ಪೊಲಾರಿಟಿ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿ. ಯಾವಾಗ ನಾದ ತುಂಬಿ ಬರುತ್ತದೋ ಅದನ್ನೇ ಉಳಿಸಿಕೊಳ್ಳಿ. ಚೆಂಡೆಗೆ ಎಸ್‌ಎಂ57ನಂತಹ ಗಟ್ಟಿ ಡೈನಮಿಕ್ ಸಾಕು, ಮುಚ್ಚಿಗೆಯಿಂದ 25-30 ಸೆಂಟಿಮೀಟರ್ ದೂರ, ಕೋಲು ತಾಗದ ಕಡೆಯಿಂದ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೆ ಮೈಕೇ ಬೇಡ, ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸಿಕೊಡುವ ಡಿಐ ಬಾಕ್ಸಿನ ಮೂಲಕ ವಯರಿನಲ್ಲೇ ತೆಗೆದುಕೊಳ್ಳಬಹುದು.

ಮುಮ್ಮೇಳದ ಅರ್ಥವನ್ನು, ಅಂದರೆ ವೇಷಧಾರಿಗಳ ಮಾತನ್ನು, ಹಿಡಿಯಲು ರಂಗದ ಅಂಚಿನಲ್ಲಿ ಮೂರು ಮೈಕಿದ್ದರೆ, ವೇಷಧಾರಿ ಇಲ್ಲದ ಕಡೆಯ ಮೈಕನ್ನು ಇಳಿಸುತ್ತಿರಬೇಕು. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಸ್ಪೀಕರಿನ ಸದ್ದು ಮೈಕಿಗೆ ಮರಳಿ ಕೂಗು ಏಳುವ ಮೊದಲು ಸ್ಪೀಕರಿಗೆ ಕೊಡಬಹುದಾದ ಸದ್ದು 3 ಡೆಸಿಬೆಲ್ ಕಡಿಮೆಯಾಗುತ್ತದೆ. ಹಲಗೆಯ ಮೇಲಿನ ಹೆಜ್ಜೆಯ ಗುದ್ದು ಸ್ಟ್ಯಾಂಡಿನ ಮೂಲಕ ಏರದಂತೆ ಕಾಲುಗಳ ಕೆಳಗೆ ದಪ್ಪ ಫೋಮ್ ಇಟ್ಟು, 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ.

ಧ್ವನಿವರ್ಧಕದವರ ಮೈಕುಗಳನ್ನೇ ಹಂಚಿಕೊಳ್ಳುವುದಾದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ, ಒಂದು ಮೈಕಿನ ಸಂಕೇತವನ್ನು ಎರಡಾಗಿ ಹಂಚುವ ಸ್ಪ್ಲಿಟರ್ ಬೇಕು. ಇಲ್ಲವಾದರೆ ಎರಡು ಮಿಕ್ಸರುಗಳ ಅರ್ಥ್ ಬೇರೆ ಬೇರೆ ದಾರಿಯಿಂದ ಬಂದು 50 ಹರ್ಟ್ಸ್‌ನ ಗುಂಯ್ ಸದ್ದು ರಾತ್ರಿಯಿಡೀ ಬೆನ್ನು ಬಿಡುವುದಿಲ್ಲ. ಆ ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಕೀಳುವವರಿದ್ದಾರೆ. ಇಬ್ಬನಿ ಬಿದ್ದ ಗದ್ದೆಯಲ್ಲಿ ಅದು ಜೀವಕ್ಕೇ ಅಪಾಯ, ದಯವಿಟ್ಟು ಮಾಡಬೇಡಿ. ಅದೇ ಇಬ್ಬನಿ ಕಂಡೆನ್ಸರ್ ಮೈಕಿನೊಳಗೆ ಸೇರಿದರೆ ನಡುರಾತ್ರಿಯ ಬಳಿಕ ಚಿಟಿಚಿಟಿ ಸದ್ದು ಶುರುವಾಗುತ್ತದೆ. ಫೋಮಿನ ಟೊಪ್ಪಿ ಮತ್ತು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲಿ, ಕರಾವಳಿಯಲ್ಲಿ ಇವೆರಡೂ ಬೇಕೇ ಬೇಕು.

ಗೇನ್, ಅಂದರೆ ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು, ಹೊಂದಿಸಲು ಆಟಕ್ಕೆ ಮೊದಲು ಚೆಂಡೆ ನುಡಿಸಿ ‘ಕೇಳಿ’ ಬಡಿಯುವ ಹೊತ್ತು ಸಿಗುತ್ತದೆ. ಆದರೆ ಆ ಅಳತೆಯನ್ನೇ ನಂಬಿದರೆ ಬೆಳಗಿನ ಜಾವದ ಯುದ್ಧದ ಏರುಪದ್ಯಕ್ಕೆ ರೆಕಾರ್ಡಿಂಗ್ ಒಡೆಯುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಸದ್ದು ಕಡಿಮೆಯಾಯಿತೆಂಬ ಭಯ ಬೇಡ. ರೆಕಾರ್ಡರಿನ ಮೀಟರಿನಲ್ಲಿ ಸರಾಸರಿ ಮಟ್ಟ ಮೈನಸ್ 18 ಡೆಸಿಬೆಲ್ಲಿನ ಆಸುಪಾಸಿನಲ್ಲಿ, ಚೆಂಡೆಯ ಜೋರು ಪೆಟ್ಟು ಮೈನಸ್ 10ರಲ್ಲಿ ನಿಂತರೆ ಏರುಪದ್ಯಕ್ಕೂ ಜಾಗ ಉಳಿಯುತ್ತದೆ.

ಮನೆಯಲ್ಲಿ ಮಿಕ್ಸ್ ಮಾಡಲು ಕುಳಿತಾಗ ಎಲ್ಲರೂ ಮೊದಲು ಭಾಗವತರ ದನಿಗೆ ಕಂಪ್ರೆಸರ್ ಹಾಕುತ್ತಾರೆ. ಇಲ್ಲಿ ಎಚ್ಚರ ಬೇಕು. ಕಂಪ್ರೆಸರ್ ದನಿಯನ್ನು ಅದುಮಿ, ಕಳೆದ ಮಟ್ಟವನ್ನು ಮತ್ತೆ ಏರಿಸುತ್ತದೆ. ಭಾಗವತರು ಉಸಿರು ತೆಗೆದುಕೊಳ್ಳುವಾಗ ಅದುಮಲು ಕಂಠವಿಲ್ಲ, ಏರಿಸಿದ ಮಟ್ಟ ಮಾತ್ರ ಉಳಿದಿರುತ್ತದೆ. ಆ ಸಂದಿಯಲ್ಲಿ ಚೆಂಡೆ ಮುನ್ನುಗ್ಗುತ್ತದೆ. ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಚಾನೆಲ್ಲನ್ನು ಮುಚ್ಚುವ ಗೇಟ್ ಹಾಕಿದರೂ ಪ್ರಯೋಜನವಿಲ್ಲ, ಮೆಲುದನಿಯ ಆಲಾಪಕ್ಕಿಂತ ನುಸುಳಿದ ಚೆಂಡೆಯೇ ಜೋರಾಗಿರುವುದರಿಂದ ಅದು ತಪ್ಪು ಹೊತ್ತಿಗೆ ತೆರೆಯುತ್ತದೆ. ಪದ್ಯ ಪದ್ಯಕ್ಕೂ ಕೈಯಿಂದಲೇ ಫೇಡರ್ ಏರಿಳಿಸಿ. ಬಳಿಕ 3ಕ್ಕೆ 1ರ ಹದದಲ್ಲಿ, 3 ಡೆಸಿಬೆಲ್ಲಿಗೆ ಮೀರದಂತೆ ಕಂಪ್ರೆಸರ್ ಸಾಕು. ಕರುಣ, ಶೃಂಗಾರದ ಪದ್ಯಗಳಿಗೆ ಸಾಮಾನ್ಯವಾಗಿ ಮದ್ದಳೆಯೊಂದೇ ಇರುತ್ತದೆ. ಅಷ್ಟು ಹೊತ್ತು ಚೆಂಡೆಯ ಚಾನೆಲ್ಲನ್ನು 12 ಡೆಸಿಬೆಲ್ ಇಳಿಸಿದರೆ ಇಡೀ ಹಿಮ್ಮೇಳ ತಿಳಿಯಾಗುತ್ತದೆ. ಸಾಹಿತ್ಯ ಸ್ಪಷ್ಟವಾಗಬೇಕೆಂದು ಕಂಠದ 3 ಕಿಲೋಹರ್ಟ್ಸ್ ಏರಿಸಿದರೆ ಅದರೊಳಗಿನ ಕೋಲಿನ ಪೆಟ್ಟೂ ಏರುತ್ತದೆ, ಅದರ ಬದಲು ಚೆಂಡೆಯ ಚಾನೆಲ್ಲಿನಲ್ಲೇ ಅಲ್ಲಿ 3 ಡೆಸಿಬೆಲ್ ತಗ್ಗಿಸಿ ನೋಡಿ.

ಎದುರಿಗೆ ಎರಡು ಮೈಕಿನ ಜೋಡಿ ಇಟ್ಟಿದ್ದರೆ ಸಮಯವನ್ನೂ ಹೊಂದಿಸಬೇಕು. ನಮ್ಮ ಸೆಕೆಯ ಗಾಳಿಯಲ್ಲಿ, ಅಂದರೆ 27 ಡಿಗ್ರಿಯಲ್ಲಿ, ಸದ್ದು ಸೆಕೆಂಡಿಗೆ ಸುಮಾರು 348 ಮೀಟರ್ ಹೋಗುತ್ತದೆ. ಹಿಮ್ಮೇಳದಿಂದ 5 ಮೀಟರ್ ದೂರದ ಜೋಡಿಗೆ ಅದು 14 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಹತ್ತಿರದ ಮೈಕುಗಳ ಟ್ರ್ಯಾಕುಗಳನ್ನು ಮಿಕ್ಸಿನಲ್ಲಿ ಅಷ್ಟೇ ತಡಮಾಡಿದರೆ ಚೆಂಡೆಯ ಜೋಡಿಪೆಟ್ಟು ಒಂದಾಗುತ್ತದೆ.

ಕೊನೆಗೊಂದು ಲೆಕ್ಕ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್ ಬೇಕು. ಸಾಮಾನ್ಯ ವೇವ್ ಫೈಲಿನ ಮಿತಿ 4 ಗಿಗಾಬೈಟ್; ಅದು ತುಂಬುವುದು 8 ಗಂಟೆ 17 ನಿಮಿಷಕ್ಕೆ. ರಾತ್ರಿ ಒಂಬತ್ತೂವರೆಗೆ ಗುಂಡಿ ಒತ್ತಿದ್ದರೆ ಬೆಳಿಗ್ಗೆ 5:47, ಮಂಗಳ ಪದ್ಯ ಹತ್ತಿರ ಬಂದ ಹೊತ್ತು. ಎರಡು ಚಾನೆಲ್ ಸೇರಿದ ಸ್ಟೀರಿಯೋ ಫೈಲಾದರೆ ಇದರ ಅರ್ಧಕ್ಕೇ ತುಂಬುತ್ತದೆ. ಕೆಲವು ರೆಕಾರ್ಡರುಗಳು ಅಲ್ಲಿ ತಾವಾಗಿ ಹೊಸ ಫೈಲ್ ತೆರೆಯುತ್ತವೆ, ಕೆಲವು ನಿಂತುಬಿಡುತ್ತವೆ. ನಿಮ್ಮದು ಯಾವ ಜಾತಿಯದೆಂದು ಮನೆಯಲ್ಲೇ ನೋಡಬಹುದು. 192 ಕಿಲೋಹರ್ಟ್ಸ್ ಸ್ಟೀರಿಯೋದಲ್ಲಿ ಬಿಟ್ಟರೆ ಅದೇ ಮಿತಿ 62 ನಿಮಿಷದಲ್ಲಿ ಬರುತ್ತದೆ. ಗಡಿಯಾರ ಎದುರಿಗಿಟ್ಟು ರೆಕಾರ್ಡ್ ಮಾಡಿ, ಟಿಕ್‌ಟಿಕ್ ಒಂದೂ ತಪ್ಪದೆ ಮುಂದಿನ ಫೈಲಿಗೆ ದಾಟಿದೆಯೇ ಎಂದು ಎಣಿಸಿ.