ಹತ್ತು ವರ್ಷದ ಕರಾರು, ಮೂವತ್ತೊಂದರ ಆಟಗಾರ

2011ರ ಡಿಸೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಏಂಜೆಲ್ಸ್, ಆಲ್ಬರ್ಟ್ ಪುಹೋಲ್ಸ್ ಅವರಿಗೆ 10 ವರ್ಷಕ್ಕೆ 24 ಕೋಟಿ ಡಾಲರ್ ಕೊಡಲು ಒಪ್ಪಿತು. ಆಗ ಅವರಿಗೆ 31 ವರ್ಷ. ಅದಕ್ಕೂ ಮೊದಲು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ 11 ಸೀಸನ್‌ಗಳಲ್ಲಿ 445 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದರು, ಬ್ಯಾಟಿಂಗ್ ಸರಾಸರಿ, ಅಂದರೆ ಬ್ಯಾಟಿಂಗ್ ಅವಕಾಶಗಳಲ್ಲಿ ಹೊಡೆದು ಬೇಸ್ ಮುಟ್ಟಿದವುಗಳ ಪಾಲು, .328 ಇತ್ತು, ಮೂರು ಬಾರಿ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡಿದ್ದರು. ಏಂಜೆಲ್ಸ್‌ಗೆ ಬಂದ ಮೇಲೆ ಸರಾಸರಿ .256ಕ್ಕೆ ಕುಸಿಯಿತು. 2021ರ ಮೇ ತಿಂಗಳಲ್ಲಿ, ಕರಾರು ಮುಗಿಯುವ ಮೊದಲೇ, ತಂಡ ಅವರನ್ನು ಬಿಟ್ಟುಕೊಟ್ಟಿತು. ಅಷ್ಟೂ ಕಾಲದಲ್ಲಿ ಏಂಜೆಲ್ಸ್ ಪ್ಲೇಆಫ್ ಮುಟ್ಟಿದ್ದು 2014ರಲ್ಲಿ ಒಂದೇ ಸಲ, ಅಲ್ಲೂ ಆಡಿದ ಮೂರೂ ಪಂದ್ಯ ಸೋತಿತು.

ಇಂಥ ಉದಾಹರಣೆ ಕಂಡಾಗ ದೀರ್ಘ ಕರಾರೇ ದಂಡ ಎಂದುಬಿಡುವುದು ಸುಲಭ. ಆ ತೀರ್ಮಾನ ಅವಸರದ್ದು. ಕರಾರು ಎಷ್ಟು ವರ್ಷದ್ದು ಎಂಬುದಕ್ಕಿಂತ ಯಾವ ವಯಸ್ಸಿಗೆ ಶುರುವಾಗುತ್ತದೆ ಎಂಬುದೇ ಹೆಚ್ಚು ನಿರ್ಣಾಯಕ. ಲೆಕ್ಕ ಹಾಕಿಯೇ ಇದನ್ನು ನೋಡಬಹುದು.

ಮೇಜರ್ ಲೀಗ್‌ನಲ್ಲಿ ಆಟಗಾರ ಫ್ರೀ ಏಜೆಂಟ್ ಆಗಿ ಯಾವ ತಂಡದ ಜೊತೆಗಾದರೂ ಚೌಕಾಸಿ ಮಾಡಬೇಕಾದರೆ ಆರು ವರ್ಷದ ಸೇವೆ ತುಂಬಿರಬೇಕು. ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಲೀಗಿಗೆ ಬಂದವರು ಮಾರುಕಟ್ಟೆಗೆ ಬರುವ ಹೊತ್ತಿಗೆ ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ಒಮ್ಮೆ ಸಹಿ ಬಿದ್ದರೆ ಗಾಯವಾದರೂ, ಆಟ ಕೆಟ್ಟರೂ, ತಂಡದಿಂದ ತೆಗೆದರೂ ಹಣ ಪೂರ್ತಿ ಕೊಡಲೇಬೇಕು. ಐಪಿಎಲ್‌ನಲ್ಲಾದರೆ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ಹಳೆಯ ತಪ್ಪುಗಳನ್ನು ಅಳಿಸಿಬಿಡುತ್ತದೆ. ಇಲ್ಲಿ ಆ ಅವಕಾಶವಿಲ್ಲ.

ಆಟಗಾರನನ್ನು ಅಳೆಯುವ ಮಾನ ‘ವಾರ್’. ಯಾವಾಗ ಬೇಕಾದರೂ ಕನಿಷ್ಠ ಸಂಬಳಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಈತ ಒಂದು ಸೀಸನ್‌ನಲ್ಲಿ ಎಷ್ಟು ಗೆಲುವು ಹೆಚ್ಚಿಗೆ ತಂದ ಎಂಬ ಅಂದಾಜು ಅದು. ಸುಮಾರು 10 ರನ್ ಸೇರಿದರೆ ಒಂದು ಗೆಲುವು. ಬರೀ ಬದಲಿ ಆಟಗಾರರನ್ನೇ ಕಟ್ಟಿಕೊಂಡ ತಂಡ 162 ಪಂದ್ಯಗಳಲ್ಲಿ 48ರಷ್ಟು ಗೆಲ್ಲಬಹುದು. ವರ್ಷಕ್ಕೆ 2 ಗೆಲುವು ತರುವವನು ಖಾಯಂ ಆಟಗಾರ, 5 ತರುವವನು ತಾರೆ. ಮಾರುಕಟ್ಟೆಯಲ್ಲಿ ಒಂದು ಗೆಲುವಿಗೆ 80 ಲಕ್ಷ ಡಾಲರ್ ಎಂದಿಟ್ಟುಕೊಳ್ಳೋಣ. ಇತ್ತೀಚಿನ ವರ್ಷಗಳ ದರಕ್ಕೆ ಅದು ಹತ್ತಿರದ ಅಂಕಿ.

ಸಾಮಾನ್ಯವಾಗಿ ಆಟಗಾರ ಉತ್ತುಂಗದಲ್ಲಿರುವುದು 26ರಿಂದ 29ರವರೆಗೆ. ಮೂವತ್ತು ದಾಟಿದ ಮೇಲೆ ವರ್ಷಕ್ಕೆ ಅರ್ಧ ಗೆಲುವಿನಂತೆ ಇಳಿಯುತ್ತಾನೆ ಎಂದು ಹಿಡಿಯುವುದು ವಾಡಿಕೆ. 31ರ ಆಟಗಾರ ಮೊದಲ ವರ್ಷ 5 ಗೆಲುವು ತಂದರೆ ನಂತರ 4.5, 4, 3.5 ಎಂದು ಇಳಿಯುತ್ತ ಹತ್ತನೇ ವರ್ಷಕ್ಕೆ 0.5ಕ್ಕೆ ಬರುತ್ತಾನೆ. ಒಟ್ಟು 27.5 ಗೆಲುವು, ಬೆಲೆ 22 ಕೋಟಿ ಡಾಲರ್. ಅದೇ 5 ಗೆಲುವಿನವನು 26ಕ್ಕೇ ಸಿಕ್ಕಿ 30ರವರೆಗೆ ಹಾಗೇ ಆಡಿದರೆ ಹತ್ತು ವರ್ಷಕ್ಕೆ 42.5 ಗೆಲುವು, ಬೆಲೆ 34 ಕೋಟಿ. ಇಬ್ಬರೂ ಇವತ್ತು ಒಂದೇ ಮಟ್ಟದ ಆಟಗಾರರು. ಐದು ವರ್ಷದ ವಯಸ್ಸಿನ ಅಂತರಕ್ಕೆ 12 ಕೋಟಿ ಡಾಲರ್.

31ರವನಿಗೆ 22 ಕೋಟಿಯನ್ನು ವರ್ಷಕ್ಕೆ 2.2 ಕೋಟಿಯಂತೆ ಸಮನಾಗಿ ಹಂಚಿ ನೋಡಿ. ಮೊದಲ ಐದು ವರ್ಷ ತಂಡ ಕೊಡುವುದು 11 ಕೋಟಿ, ಪಡೆಯುವುದು 20 ಗೆಲುವು, ಅಂದರೆ 16 ಕೋಟಿಯ ಸರಕು. ಕೊನೆಯ ಐದು ವರ್ಷ ಮತ್ತೆ 11 ಕೋಟಿ ಕೊಟ್ಟು ಪಡೆಯುವುದು 6 ಕೋಟಿಯ ಸರಕು. ಅಂದರೆ ಕೊನೆಯ ವರ್ಷಗಳ ಸಂಬಳದ ಒಂದು ಭಾಗ ಮೊದಲ ವರ್ಷಗಳ ಸಾಲದ ಕಂತು. ಮುದಿ ಆಟಗಾರನಿಗೆ ಕೋಟಿ ಕೋಟಿ ಸುರಿಯುತ್ತಿದ್ದಾರೆ ಎಂದು ಎಂಟನೇ ವರ್ಷ ಸಿಟ್ಟಾಗುವ ಅಭಿಮಾನಿಗಳು ಈ ಸಾಲವನ್ನು ಮರೆತಿರುತ್ತಾರೆ. ಆದರೆ ಮೊದಲ ಐದು ವರ್ಷದಲ್ಲಿ ತಂಡ ಗೆಲ್ಲದೇ ಹೋದರೆ ಉಳಿಯುವುದು ಕಂತು ಮಾತ್ರ. ಏಂಜೆಲ್ಸ್‌ಗೆ ಆದದ್ದು ಅದೇ.

ಇಳಿಕೆಗೆ ಕಾರಣ ದೇಹ. ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೆ 18.4 ಮೀಟರ್. ಗಂಟೆಗೆ 153 ಕಿಲೋಮೀಟರ್ ವೇಗದ ಚೆಂಡು ಅಷ್ಟು ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ಮುಗಿಸುತ್ತದೆ. ಅಷ್ಟರಲ್ಲೇ ಚೆಂಡನ್ನು ಗುರುತಿಸಬೇಕು, ಬೀಸಬೇಕೋ ಬೇಡವೋ ನಿರ್ಧರಿಸಬೇಕು, ಬ್ಯಾಟನ್ನು ತರಬೇಕು. ಬ್ಯಾಟಿನ ವೇಗ ಕೊಂಚ ತಗ್ಗಿದರೂ ಬೇಗ ಶುರುಮಾಡಬೇಕಾಗುತ್ತದೆ. ಬೇಗ ಶುರುಮಾಡಿದವನು ತಿರುಗುವ ಚೆಂಡಿಗೆ ಮೋಸಹೋಗುತ್ತಾನೆ. ಓಟ ಮತ್ತು ಫೀಲ್ಡಿಂಗ್ ಎಲ್ಲಕ್ಕಿಂತ ಮೊದಲು ಸೊರಗುತ್ತವೆ. ಕೆಟ್ಟ ಚೆಂಡನ್ನು ಬಿಟ್ಟು ವಾಕ್ (ಹೊಡೆಯದೆಯೇ ಮೊದಲ ಬೇಸ್‌ಗೆ ಹೋಗುವ ಹಕ್ಕು) ಗಿಟ್ಟಿಸುವ ಕಣ್ಣು ಬಹುಕಾಲ ಬಾಳುತ್ತದೆ. ಹಾಗಾಗಿ ಒಂದೇ ವಯಸ್ಸಿನ ಇಬ್ಬರಲ್ಲಿ ಯಾರು ಯಾವ ಕೌಶಲದ ಮೇಲೆ ನಿಂತಿದ್ದಾರೆ ಎಂದು ನೋಡದೆ ವರ್ಷ ನಿಗದಿ ಮಾಡಬಾರದು.

ಮತ್ತೊಂದು ಅಪಾಯ ಫ್ರೀ ಏಜೆಂಟ್‌ಗಾಗಿ ತಂಡಗಳು ಪೈಪೋಟಿಯಿಂದ ಬೆಲೆ ಏರಿಸುವ ಹರಾಜಿನಲ್ಲೇ ಇದೆ. 1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಎಂಬ ಮೂವರು ತೈಲ ಎಂಜಿನಿಯರುಗಳು ಇದನ್ನು ವಿವರಿಸಿದರು: ಸಮುದ್ರದ ತಳದ ಒಂದೇ ತುಂಡಿಗೆ ಹತ್ತು ಕಂಪನಿಗಳು ಬೆಲೆ ಕಟ್ಟಿದಾಗ ಗೆಲ್ಲುವುದು ಅತಿ ಹೆಚ್ಚು ಅಂದಾಜು ಮಾಡಿದ ಕಂಪನಿ, ಅಂದರೆ ಬಹುತೇಕ ಅತಿ ಹೆಚ್ಚು ತಪ್ಪಿದ ಕಂಪನಿ. ಇದಕ್ಕೆ ವಿಜೇತನ ಶಾಪ ಎಂದು ಹೆಸರು. ಬೇಸ್‌ಬಾಲ್‌ನಲ್ಲಿ ಇದರ ಪೆಟ್ಟು ವರ್ಷ ವರ್ಷವೂ ಬೀಳುತ್ತದೆ. ನಮ್ಮ 31ರ ಆಟಗಾರನ ನಿಜವಾದ ಮಟ್ಟ 5ರ ಬದಲು 4 ಆಗಿದ್ದರೆ ಹತ್ತು ವರ್ಷದ ಒಟ್ಟು ಮೊತ್ತ 27.5ರಿಂದ 18 ಗೆಲುವಿಗೆ (ಕೊನೆಯ ಎರಡು ವರ್ಷ ಸೊನ್ನೆ) ಇಳಿಯುತ್ತದೆ. ಒಂದು ಗೆಲುವಿನ ತಪ್ಪು ಅಂದಾಜಿಗೆ 7.6 ಕೋಟಿ ಡಾಲರ್ ನಷ್ಟ. ಹಳೆಯ ತಂಡಕ್ಕೆ ಆತನ ಮಂಡಿ, ಹಿಮ್ಮಡಿ, ಬೆನ್ನು ಎಲ್ಲ ಗೊತ್ತಿರುತ್ತದೆ. ಅದು ಪೈಪೋಟಿಯಿಂದ ಹಿಂದೆ ಸರಿದರೆ ಹೊಸಬರು ಅದನ್ನೂ ಒಂದು ಸುಳಿವೆಂದು ಎಣಿಸಬೇಕು. ಪುಹೋಲ್ಸ್ ಹೋದದ್ದಕ್ಕೆ ಪರಿಹಾರವಾಗಿ ಕಾರ್ಡಿನಲ್ಸ್‌ಗೆ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2012ರ ಡ್ರಾಫ್ಟ್‌ನಲ್ಲಿ, 19ನೇ ಆಯ್ಕೆ ಸಿಕ್ಕಿತು. ಅದರಲ್ಲಿ ಆರಿಸಿದ ಮೈಕೆಲ್ ವಾಕಾ ಮರುವರ್ಷವೇ ಆ ತಂಡವನ್ನು ವರ್ಲ್ಡ್ ಸೀರೀಸ್‌ಗೆ, ಅಂದರೆ ಲೀಗಿನ ಅಂತಿಮ ಸರಣಿಗೆ, ಒಯ್ದವರಲ್ಲಿ ಒಬ್ಬರು.

ಪಿಚರ್‌ಗಳ ವಿಷಯದಲ್ಲಿ ಸರಾಸರಿ ಲೆಕ್ಕ ಅಷ್ಟಾಗಿ ಆಸರೆಗೆ ಬಾರದು. ಅವರು ಮೆಲ್ಲಗೆ ಇಳಿಯುವುದಕ್ಕಿಂತ ಒಮ್ಮೆಲೇ ಮುರಿಯುವುದೇ ಹೆಚ್ಚು. ವಾಷಿಂಗ್ಟನ್ ನ್ಯಾಷನಲ್ಸ್ 2015ರಲ್ಲಿ 30ರ ಮ್ಯಾಕ್ಸ್ ಶರ್ಜರ್ ಅವರಿಗೆ 7 ವರ್ಷಕ್ಕೆ 21 ಕೋಟಿ ಕೊಟ್ಟಿತು. ಅವರು ಆ ತಂಡದಲ್ಲಿದ್ದಾಗ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎರಡು ಬಾರಿ ಬಂತು, 2019ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. ಅದೇ ಸೀರೀಸ್‌ನ ಅತ್ಯಮೂಲ್ಯ ಆಟಗಾರ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರಿಗೆ ಅದೇ ತಂಡ 7 ವರ್ಷಕ್ಕೆ 24.5 ಕೋಟಿ ಕೊಟ್ಟಿತು. ಕೊರಳೆಲುಬಿನ ಬಳಿ ನರ ಒತ್ತಿಹೋಗುವ ತೊಂದರೆಯಿಂದ ಆ ಬಳಿಕ ಅವರು ಆಡಲಾದದ್ದು 8 ಪಂದ್ಯ ಮಾತ್ರ. ಪಿಚರ್‌ಗೆ ಕಡಿಮೆ ವರ್ಷ, ವರ್ಷಕ್ಕೆ ಹೆಚ್ಚು ಹಣ ಕೊಡುವುದೇ ಜಾಣತನ.

ಹಾಗಿದ್ದೂ ಈಚೆಗೆ ಬ್ಯಾಟರ್‌ಗಳ ಕರಾರುಗಳು ಏಕೆ ಉದ್ದವಾಗುತ್ತಿವೆ? ಐಷಾರಾಮಿ ತೆರಿಗೆಯಿಂದಾಗಿ. 2025ರಲ್ಲಿ ತಂಡದ ಒಟ್ಟು ಸಂಬಳ 24.1 ಕೋಟಿ ಡಾಲರ್ ದಾಟಿದರೆ ಮೇಲಿನ ಮೊತ್ತಕ್ಕೆ ಮೊದಲ ಸಲ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷ ಶೇ 50 ತೆರಿಗೆ. ಲೆಕ್ಕಕ್ಕೆ ಹಿಡಿಯುವುದು ಕರಾರಿನ ವಾರ್ಷಿಕ ಸರಾಸರಿ. 2022ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾ ಫಿಲೀಸ್ ಟ್ರೇ ಟರ್ನರ್‌ಗೆ 30 ಕೋಟಿಯನ್ನು 11 ವರ್ಷಕ್ಕೆ ಹರಡಿತು: ಸರಾಸರಿ 2.73 ಕೋಟಿ. ಅದೇ ಹಣ 8 ವರ್ಷಕ್ಕಾದರೆ 3.75 ಕೋಟಿ. ಕೊನೆಯ ಮೂರು ವರ್ಷದ ಆಟವನ್ನು ನೆಚ್ಚಿ ಕೊಟ್ಟ ವರ್ಷಗಳಲ್ಲ ಅವು. ಜಪಾನಿನ ತಾರೆ ಶೋಹೇ ಒಟಾನಿ ಅವರ 10 ವರ್ಷದ ಕರಾರಿನ 70 ಕೋಟಿಯಲ್ಲಿ 68 ಕೋಟಿ ಕೈಸೇರುವುದು 2034ರಿಂದ 2043ರವರೆಗೆ, ಅದೂ ಬಡ್ಡಿಯಿಲ್ಲದೆ. ಅದಕ್ಕೇ ವರ್ಷಕ್ಕೆ 7 ಕೋಟಿ ಎಂದು ಕಾಣುವ ಈ ಕರಾರಿಗೆ ತೆರಿಗೆಯ ಲೆಕ್ಕದಲ್ಲಿ ಸುಮಾರು 4.6 ಕೋಟಿಯಷ್ಟೇ ಬೆಲೆ.

ಬ್ಯಾಟರ್ ಹುವಾನ್ ಸೋಟೊ 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿಯ ಸಹಿ ಹಾಕಿದಾಗ ಅವರಿಗೆ 26. ಅವರ ಬಲ ಇರುವುದು ಕೆಟ್ಟ ಚೆಂಡನ್ನು ಬಿಡುವ, ನಿಧಾನವಾಗಿ ಮುಪ್ಪಾಗುವ ಆ ಕಣ್ಣಿನಲ್ಲೇ. ಮೇಲಿನ ಲೆಕ್ಕದಂತೆ ಕರಾರಿನ ಮೊದಲ ಭಾಗ ಗಟ್ಟಿಯಾಗಿದೆ. ಆದರೆ 2029ರ ಸೀಸನ್ ಮುಗಿದ ಮೇಲೆ ಸೋಟೊ ಕರಾರಿನಿಂದ ಹೊರಬರಬಹುದು. ಅದನ್ನು ತಡೆಯಬೇಕಾದರೆ ಮೆಟ್ಸ್ ಉಳಿದ ವರ್ಷಗಳಿಗೆ ತಲಾ 40 ಲಕ್ಷ ಡಾಲರ್ ಏರಿಸಿ, ವರ್ಷಕ್ಕೆ 5.5 ಕೋಟಿಯಂತೆ ಕೊಡಬೇಕು. ಆಗ ಅವರಿಗೆ 31 ತುಂಬಿರುತ್ತದೆ, ಉಳಿದಿರುವುದು 10 ವರ್ಷ.