ಡ್ರಾಯಿಂಗ್ ಚೆನ್ನಾಗಿ ಬರದವರು ಆರ್ಟ್ ಡೈರೆಕ್ಟರ್ ಆಗಬಹುದಾ?

ಪ್ರಶ್ನೆ: ನಾನು ಬಿಕಾಂ ಮುಗಿಸಿದ್ದೇನೆ. ಫೋಟೋಶಾಪ್, ಇಲಸ್ಟ್ರೇಟರ್ ಕಲಿತಿದ್ದೇನೆ. ಆದರೆ ಕೈಯಲ್ಲಿ ಚಿತ್ರ ಬಿಡಿಸುವುದು ಅಷ್ಟಕ್ಕಷ್ಟೆ. ಜಾಹೀರಾತು ಏಜೆನ್ಸಿಯಲ್ಲಿ ಆರ್ಟ್ ಡೈರೆಕ್ಟರ್ ಆಗಲು ಸಾಧ್ಯವಾ?

ಖಂಡಿತ ಸಾಧ್ಯ. ಜಾಹೀರಾತು ಹೇಗೆ ಕಾಣಬೇಕು ಎಂದು ತೀರ್ಮಾನಿಸುವವರೇ ಆರ್ಟ್ ಡೈರೆಕ್ಟರ್. ನಿಮ್ಮ ತಲೆಯಲ್ಲಿರುವುದು ಪಕ್ಕದಲ್ಲಿ ಕೂತ ಕಾಪಿರೈಟರ್‌ಗೆ, ಅಂದರೆ ಜಾಹೀರಾತಿನ ಮಾತು ಬರೆಯುವವರಿಗೆ, ಅರ್ಥವಾಗುವಷ್ಟು ಗೀಚಲು ಬಂದರೆ ಸಾಕು. ಒಂದು ಚೌಕ, ಒಂದು ಕಡ್ಡಿಮನುಷ್ಯ, ಹೆಡ್‌ಲೈನ್ ಜಾಗದಲ್ಲಿ ಎರಡು ಗೆರೆ. ಏಜೆನ್ಸಿಯಲ್ಲಿ ಇದಕ್ಕೆ ಸ್ಕ್ಯಾಂಪ್ ಅಂತಾರೆ.

ಈ ಕೆಲಸ ಅಂದರೆ ಏನು ಎಂದು ಯಾರು ಕೇಳಿದರೂ ನಾನು 1959ರ ಫೋಕ್ಸ್‌ವ್ಯಾಗನ್ ಜಾಹೀರಾತು ತೋರಿಸುತ್ತೇನೆ. ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿಯದು. ಅಮೆರಿಕದಲ್ಲಿ ಉದ್ದುದ್ದ ಕಾರುಗಳನ್ನು ಪುಟದ ತುಂಬ ಮೆರೆಸುತ್ತಿದ್ದ ಕಾಲ. ಆರ್ಟ್ ಡೈರೆಕ್ಟರ್ ಹೆಲ್ಮುಟ್ ಕ್ರೋನ್ ಪುಟದ ಬಹುಪಾಲನ್ನು ಖಾಲಿ ಬಿಟ್ಟು, ಮೇಲೆ ಎಡಗಡೆ ಪುಟ್ಟದೊಂದು ಕಾರು ಇಟ್ಟರು. ಕೆಳಗೆ ಜೂಲಿಯನ್ ಕೇನಿಗ್ ಬರೆದ ಎರಡೇ ಪದ: ‘ಥಿಂಕ್ ಸ್ಮಾಲ್’. ಅಲ್ಲಿ ಡ್ರಾಯಿಂಗ್ ಎಲ್ಲಿದೆ ಹೇಳಿ? ಕಾರು ಎಷ್ಟು ಚಿಕ್ಕದಿರಬೇಕು, ಸುತ್ತ ಎಷ್ಟು ಜಾಗ ಬಿಡಬೇಕು ಅನ್ನುವ ತೀರ್ಮಾನವೇ ಆರ್ಟ್ ಡೈರೆಕ್ಷನ್. 1966ರಲ್ಲಿ ಯೂಸ್ಟಸ್ ಫರ್ನಾಂಡಿಸ್ ಅಮುಲ್ ಹುಡುಗಿಯನ್ನು ಬರೆದಾಗ ಕೈಚಳಕ ಬೇಕಾಗಿತ್ತು, ನಿಜ. ಆದರೆ ಇವತ್ತು ಅಂಥ ಚಿತ್ರ ಬೇಕಿದ್ದರೆ ಚಿತ್ರಕಾರರೊಬ್ಬರಿಂದ ಬರೆಸಬಹುದು. ಯಾರಿಂದ ಬರೆಸಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೆ.

ಏಜೆನ್ಸಿಯವರು ಮೊದಲು ನೋಡುವುದು ಪೋರ್ಟ್‌ಫೋಲಿಯೋ, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹ. ನನ್ನ ಮೊದಲ ಪೋರ್ಟ್‌ಫೋಲಿಯೋದಲ್ಲಿ ಮೂವತ್ತು ಪೋಸ್ಟರ್ ಇದ್ದವು. ಎಲ್ಲದರಲ್ಲೂ ಹೊಗೆ, ಹೊಳಪು, ನೆರಳು. ಸಂದರ್ಶನ ಮಾಡಿದವರು ನಾಲ್ಕು ಪುಟ ತಿರುಗಿಸಿ, “ಇದರಲ್ಲಿ ಐಡಿಯಾ ಯಾವುದು?” ಎಂದು ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಆರೇ ಆರು ಕೆಲಸ ಉಳಿಸಿಕೊಂಡು ಹೊಸದಾಗಿ ಕಟ್ಟಿದೆ. ನೀವೂ ಹಾಗೇ ಮಾಡಿ. ನಿಮ್ಮ ಬೀದಿಯ ಹಿಟ್ಟಿನ ಗಿರಣಿಗೆ ಒಂದು ಜಾಹೀರಾತು ಮಾಡಿ ನೋಡಿ. ಬರೆಯಲು ಬರುವ ಸ್ನೇಹಿತರಿದ್ದರೆ ಜೊತೆಗೆ ಕೂರಿಸಿಕೊಳ್ಳಿ, ಏಕೆಂದರೆ ಏಜೆನ್ಸಿಯಲ್ಲೂ ಜೋಡಿಯಾಗಿಯೇ ಕೆಲಸ.

ಇನ್ನೊಂದು ವಿಷಯ, ನನಗೆ ತುಂಬ ಮುಖ್ಯವಾದದ್ದು. ಕನ್ನಡ ಅಕ್ಷರ ಜೋಡಿಸುವುದನ್ನು ಚೆನ್ನಾಗಿ ಕಲಿಯಿರಿ. ಇಂಗ್ಲಿಷ್ ಲೇಔಟಿನಲ್ಲಿ (ಪುಟದಲ್ಲಿ ಚಿತ್ರ, ಅಕ್ಷರ ಜೋಡಿಸಿದ ರೀತಿ) ಸಾಲುಗಳನ್ನು ಒತ್ತೊತ್ತಾಗಿ ಇಟ್ಟು, ಅದೇ ಜಾಗಕ್ಕೆ ಕನ್ನಡ ತುರುಕುವುದು ಜಾಸ್ತಿ. ‘ಸ್ವಾತಂತ್ರ್ಯ’ ಅನ್ನುವ ಪದ ಮೇಲಿನ ಸಾಲಿನಲ್ಲಿ ಬಂತು ಅಂದುಕೊಳ್ಳಿ. ಅದರ ಒತ್ತಕ್ಷರ ಕೆಳಗಿಳಿದು, ಕೆಳಗಿನ ಸಾಲಿನ ‘ಕೀ’ಯ ಗುಡಿಸಿಗೆ ಬಡಿಯುತ್ತದೆ. ಆಗ ಯಾರೋ ಸುಮ್ನೆ ಅಕ್ಷರವನ್ನೇ ಚಿಕ್ಕದು ಮಾಡುತ್ತಾರೆ. ಹೆಡ್‌ಲೈನ್ ಸತ್ತೇ ಹೋಗುತ್ತದೆ. ಒತ್ತು ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡು ಸಾಲು ಮುರಿಯುವವರು, ಕನ್ನಡದಲ್ಲೇ ಮೊದಲ ಲೇಔಟ್ ಮಾಡುವವರು ನಮಗೆ ಇನ್ನೂ ತುಂಬ ಜನ ಬೇಕು.

ಡಿಗ್ರಿಯ ಚಿಂತೆ ಬೇಡ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಅಪ್ಲೈಡ್ ಆರ್ಟ್ (ಜಾಹೀರಾತು, ಪೋಸ್ಟರಿನಂಥ ಕೆಲಸಕ್ಕೆ ಬೇಕಾದ ಕಲೆ) ಕಲಿತು ಬರುವವರಿದ್ದಾರೆ, ಅವರ ಅಡಿಪಾಯ ಗಟ್ಟಿ ಇರುತ್ತದೆ. ಬೇರೆ ಓದು ಓದಿ ಬಂದವರೂ ಇದ್ದಾರೆ. ಶುರುವಿಗೆ ಇಂಟರ್ನ್ ಅಥವಾ ಜೂನಿಯರ್ ಆಗಿ ಸೇರಿಕೊಳ್ಳಿ. ಮೊದಲ ತಿಂಗಳುಗಳಲ್ಲಿ ಬೇರೆಯವರ ಲೇಔಟನ್ನು ಹತ್ತು ಅಳತೆಗೆ ಹೊಂದಿಸುವ ಕೆಲಸವೇ ಸಿಗಬಹುದು. ಬೇಸರ ಮಾಡಿಕೊಳ್ಳಬೇಡಿ. ಹೋರ್ಡಿಂಗಿನಲ್ಲಿ ಚೆನ್ನಾಗಿ ಕಂಡದ್ದು ಫೋನಿನಲ್ಲಿ ಯಾಕೆ ಕಾಣುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗುವುದು.